ಆಂಟಿವೈರಸ್ ಆಫ್ ಮಾಡಿ ಅಂತ ಕೇಳುವ ಸಾಫ್ಟ್‌ವೇರ್ ಬೇಡ

ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ರ್ಯಾಕ್ (ದುಡ್ಡು ಕೊಡದೆ ಬಳಸಲು ತಿದ್ದಿದ ನಕಲು) ಸಿಕ್ಕಿದೆ, ಜಿಪ್ ಫೈಲಿಗೆ ಪಾಸ್‌ವರ್ಡ್ ಇದೆ, ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಬೇಕಂತೆ, ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆ ಪಾಸ್‌ವರ್ಡನ್ನು ಲಿಂಕ್ ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ, ಅಲ್ವಾ? ಮತ್ತೆ ಯಾರಿಂದ ಮುಚ್ಚಿಡಲು? ಆಂಟಿವೈರಸ್‌ನ ಸ್ಕ್ಯಾನರ್‌ನಿಂದ, ಪಾಸ್‌ವರ್ಡ್ ಇದ್ದರೆ ಅದು ಒಳಗೆ ನೋಡಲಾರದು. ಬಿಚ್ಚಿದ ಮೇಲೂ ಅದು ಹಿಡಿಯಬಾರದು ಅಂತ ಆಫ್ ಮಾಡಿಸುತ್ತಾರೆ.

ವೈರಸ್‌ಟೋಟಲ್‌ನಲ್ಲಿ ಕ್ಲೀನ್ ಬಂತು, ಧೈರ್ಯವಾಗಿ ಹಾಕಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅದು ಒಳ್ಳೆಯ ಸೇವೆಯೇ, ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಆದರೆ ಹೊಸ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಶುರುವಿನಲ್ಲಿ ಯಾರ ಕಣ್ಣಿಗೂ ಬೀಳದೆ ಇರಬಹುದು. ಪಾಸ್‌ವರ್ಡ್ ಇರುವ ಜಿಪ್ಪನ್ನು ಹಾಗೇ ಹಾಕಿದರಂತೂ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಉಪಾಯ ನೋಡಿ: 2022ರಲ್ಲಿ ಗಿಂಪ್ ಎಂಬ ಉಚಿತ ಫೋಟೋ ಎಡಿಟರ್ ಹೆಸರಿನ ನಕಲಿ ಸೈಟೊಂದು ಸುಮಾರು 5 ಎಂಬಿಯ ಮಾಲ್‌ವೇರ್‌ಗೆ ಸುಮ್ನೆ ಕಸ ತುಂಬಿ 700 ಎಂಬಿ ಮಾಡಿ ಹಂಚಿತ್ತು. ವೈರಸ್‌ಟೋಟಲ್ ತೆಗೆದುಕೊಳ್ಳುವುದು 650 ಎಂಬಿ ತನಕ ಮಾತ್ರ! ಆ ಸೈಟಿಗೆ ದಾರಿ ತೋರಿಸಿದ್ದು ಗೂಗಲ್ ಸರ್ಚ್‌ನಲ್ಲಿ ಬಂದ ಜಾಹೀರಾತು. ಹಾಗಾಗಿ ಉಚಿತ ಸಾಫ್ಟ್‌ವೇರ್ ಹುಡುಕುವಾಗಲೂ ಜಾಹೀರಾತು ಒತ್ತಬೇಡಿ. ವಿಳಾಸವನ್ನು ಅಕ್ಷರ ಅಕ್ಷರ ಓದಿ.

ಅಧಿಕೃತ ಸೈಟಿನಲ್ಲಿ ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಕೊಟ್ಟಿದ್ದರೆ ನಿಮ್ಮ ಫೈಲಿನದಕ್ಕೆ ಹೋಲಿಸಿ ನೋಡಿ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವೀಡಿಯೋ ಸಾಫ್ಟ್‌ವೇರ್‌ನ ಒಂದು ಮಿರರ್ ಸರ್ವರ್‌ಗೆ (ಅದೇ ಫೈಲುಗಳ ಪ್ರತಿ ಇಟ್ಟು ಹಂಚುವ ಸರ್ವರ್) ಯಾರೋ ನುಗ್ಗಿ ಮ್ಯಾಕ್ ಫೈಲನ್ನೇ ಬದಲಿಸಿದ್ದರು. ಹೋಲಿಸಿದವರಿಗೆ ಅದು ತಕ್ಷಣ ಗೊತ್ತಾಗುವಂತಿತ್ತು. ಕ್ರ್ಯಾಕ್‌ಗೆ ಈ ಸೌಲಭ್ಯವೇ ಇಲ್ಲ. ಅಸಲಿಯನ್ನೇ ತಿದ್ದಿ ಮಾಡಿದ್ದು, ಯಾವುದಕ್ಕೆ ಹೋಲಿಸುತ್ತೀರಿ?

ಈಗಾಗಲೇ ಒಮ್ಮೆ ರನ್ ಮಾಡಿದ್ದರೆ, ಕಂಪ್ಯೂಟರ್ ಚೆನ್ನಾಗೇ ಓಡುತ್ತಿದೆ ಅಂತ ಸುಮ್ಮನಿರಬೇಡಿ. ಇತ್ತೀಚಿನ ಕಳ್ಳ ಪ್ರೋಗ್ರಾಂಗಳು ಜಾಸ್ತಿ ಸದ್ದು ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಕುಕೀಗಳನ್ನು (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ನೆನಪಿಸುವ ಸಣ್ಣ ಫೈಲುಗಳು) ಎತ್ತಿಕೊಂಡು ಹೋಗುತ್ತವೆ. ನೀವು ಲಾಗಿನ್ ಆಗಿರುವ ಕುಕೀ ಸಿಕ್ಕರೆ ಓಟಿಪಿ ಇಲ್ಲದೆಯೂ ಖಾತೆಯೊಳಗೆ ನುಗ್ಗಬಹುದು. ಆ ಕಂಪ್ಯೂಟರ್‌ನ ಇಂಟರ್‌ನೆಟ್ ಸಂಪರ್ಕ ಕಡಿದುಹಾಕಿ. ಬೇರೆ ಶುದ್ಧವಾದ ಫೋನ್ ಅಥವಾ ಕಂಪ್ಯೂಟರ್‌ನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ಅದೇ ಕಂಪ್ಯೂಟರ್‌ನಲ್ಲಿ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡೂ ಅವರ ಪಾಲು. ನಂತರ ಫೋಟೋಗಳನ್ನು ಬ್ಯಾಕಪ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದೇ ಮೇಲು. ಸ್ಕ್ಯಾನ್ ಮಾಡಿ ತೆಗೆದೆ ಅಂದರೆ ನನಗಂತೂ ನಂಬಿಕೆ ಬರುವುದಿಲ್ಲ.

ನಿಮಗೆ ಬೇಕಿರುವುದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸಿದ ಫೋಟೋ) ತಿದ್ದುವುದಲ್ವಾ? ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಡಾರ್ಕ್‌ಟೇಬಲ್ ಮೊದಮೊದಲು ತಲೆ ತಿನ್ನುತ್ತದೆ, ಅದು ನಿಜ. ಕ್ಯಾಮೆರಾ ಮಾಡೆಲ್ ಯಾವುದು ಹೇಳಿ, ಅದರ ಫೈಲ್ ತೆರೆಯುತ್ತದಾ ನೋಡಿ ಹೇಳುತ್ತೇನೆ.