ತೂತು ಕೊರೆಯದ ಮೀನಿನ ಟ್ಯಾಂಕಿಗೆ ಸೈಫನ್ ಓವರ್‌ಫ್ಲೋ ಹಾಕಬಹುದಾ? ಕರೆಂಟ್ ಹೋದರೆ ನೀರು ಚೆಲ್ಲುತ್ತದಾ?

ಹಾಕಬಹುದು. ಸೈಫನ್ ಓವರ್‌ಫ್ಲೋ ಅಂದರೆ ಟ್ಯಾಂಕಿನ ನೀರನ್ನು ಅಂಚು ದಾಟಿಸಿ ಕೆಳಗಿನ ಸಂಪಿಗೆ, ಅಂದರೆ ಇನ್ನೊಂದು ತೊಟ್ಟಿಗೆ, ಇಳಿಸುವ ಏರ್ಪಾಡು. ಅಲ್ಲಿಂದ ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತದೆ. ನಿಮಗಿರುವ ಭಯ ಕರೆಂಟ್ ಹೋಗುವುದರದ್ದು. ಓವರ್‌ಫ್ಲೋ ಬಾಕ್ಸ್ ಸರಿಯಾಗಿದ್ದರೆ ಅದರಿಂದ ತೊಂದರೆ ಇಲ್ಲ. ನಿಜವಾದ ಅಪಾಯ ಪೈಪಿನ ನೆತ್ತಿಯಲ್ಲಿ ಸೇರಿಕೊಳ್ಳುವ ಗಾಳಿಯದು.

ಟ್ಯಾಂಕಿನ ಒಳಗೊಂದು ಬಾಕ್ಸ್, ಹೊರಗೊಂದು ಬಾಕ್ಸ್. ಎರಡರಲ್ಲೂ ಕಾಲು ಮುಳುಗಿಸಿಕೊಂಡು, ಗಾಜಿನ ಅಂಚಿನ ಮೇಲೆ ಕೂತ ಬೋರಲು ಯು-ಪೈಪು. ಒಳಗಿನ ಮಟ್ಟ ಹೊರಗಿನದಕ್ಕಿಂತ ಎತ್ತರ ಇರುವಷ್ಟು ಹೊತ್ತು ನೀರು ದಾಟುತ್ತದೆ. ಎರಡೂ ಸಮ ಆದರೆ ನಿಲ್ಲುತ್ತದೆ, ಅಷ್ಟೇ. ಕರೆಂಟ್ ಹೋದಾಗ ಟ್ಯಾಂಕಿನ ನೀರು ಒಳ ಬಾಕ್ಸಿನ ಅಂಚಿನವರೆಗೆ ಇಳಿದು ನಿಲ್ಲುತ್ತದೆ. ಹೊರ ಬಾಕ್ಸಿನಲ್ಲಿ ಅಡ್ಡಗೋಡೆ ಇರುವುದರಿಂದ ಪೈಪಿನ ಎರಡು ಕಾಲೂ ನೀರಲ್ಲೇ ಇರುತ್ತವೆ, ಸೈಫನ್ ಕಡಿಯುವುದಿಲ್ಲ. ಪಂಪ್ ಶುರುವಾದ ಕೂಡಲೇ ಹರಿವೂ ಶುರು.

ಗಾಳಿ ಹಾಗಲ್ಲ. ನೀರಿನ ಸಣ್ಣ ಗುಳ್ಳೆಗಳು ಪೈಪಿನ ಮೇಲ್ಭಾಗದಲ್ಲಿ ನಿಲ್ಲುತ್ತವೆ. ಹರಿವು ಜೋರಾಗಿದ್ದರೆ ಕೊಚ್ಚಿಕೊಂಡು ಹೋಗುತ್ತವೆ. ನಿಧಾನ ಇದ್ದರೆ ಸೇರುತ್ತಾ ಹೋಗಿ ಒಂದಿನ ಸೈಫನ್ ಕಡಿಯುತ್ತದೆ. ಅದಕ್ಕೇ ಸಣ್ಣ ಪಂಪಿಗೆ ಸುಮ್ನೆ ದೊಡ್ಡ ಯು-ಪೈಪು ಹಾಕಬೇಡಿ. ಪಾಚಿ, ಬಸವನಹುಳು ಸೇರದ ಹಾಗೆ ಒಳಬಾಯಿಗೆ ಜಾಲರಿ ಇರಲಿ, ಅದನ್ನು ತೊಳೆಯುತ್ತಲೂ ಇರಿ.

ಇಷ್ಟಾದರೂ ಒಂದು ದಿನ ಕಡಿಯುತ್ತದೆ ಅಂತಲೇ ಲೆಕ್ಕ ಹಾಕಿ. ಆಗ ಕೆಳಗಿನ ಪಂಪ್ ಸಂಪಿನಲ್ಲಿ ತಾನು ಕೂತಿರುವ ಖಾನೆಯ ನೀರನ್ನೆಲ್ಲಾ ಮೇಲೆ ತಳ್ಳುತ್ತದೆ. ಆ ಖಾನೆ 30 × 30 ಸೆಂ.ಮೀ., ನೀರು 18 ಸೆಂ.ಮೀ. ಇದ್ದರೆ ಅದು ಸುಮಾರು 16 ಲೀಟರ್. ಮೇಲಿನ ಟ್ಯಾಂಕ್ 90 × 45 ಸೆಂ.ಮೀ. ಆದರೆ ಮಟ್ಟ 4 ಸೆಂ.ಮೀ. ಏರುತ್ತದೆ. ಅಂಚಿನಿಂದ 5 ಸೆಂ.ಮೀ. ಕೆಳಗೆ ನೀರು ಇಟ್ಟರೆ ನೆಲ ಒಣಗಿರುತ್ತದೆ. ಜಾಗ ಸಾಲದಿದ್ದರೆ ಖಾನೆಯನ್ನು ಚಿಕ್ಕದು ಮಾಡಿ. ಆ ಖಾನೆಗೆ ತಾನಾಗಿ ನೀರು ತುಂಬಿಸುವ ವ್ಯವಸ್ಥೆ ಇದ್ದರೆ ಈ ಲೆಕ್ಕವೇ ತಪ್ಪುತ್ತದೆ, ಅದರ ನೀರನ್ನೂ ಸೇರಿಸಿಕೊಳ್ಳಿ.

ಮೀನು ಬಿಡುವ ಮೊದಲೇ ಪರೀಕ್ಷೆ ಮಾಡಿಬಿಡಿ. ಪಂಪ್ ಓಡುತ್ತಿರುವಾಗ ಯು-ಪೈಪನ್ನು ಎತ್ತಿ, ಪಂಪ್ ಗಾಳಿ ಎಳೆಯುವ ತನಕ ನೋಡಿ, ಕೂಡಲೇ ಆಫ್ ಮಾಡಿ. ಆಮೇಲೆ ಪೈಪನ್ನು ನೀರು ತುಂಬಿಸಿ ವಾಪಸ್ ಕೂರಿಸಿ, ಕರೆಂಟ್ ಹೋದಾಗ ಇಳಿದು ಬರುವ ನೀರು ಸಂಪಿನಲ್ಲಿ ಹಿಡಿಯುತ್ತದಾ ನೋಡಿ. ಪಂಪಿನಿಂದ ಟ್ಯಾಂಕಿಗೆ ನೀರು ತರುವ ವಾಪಸ್ ಪೈಪಿನ ಬಾಯಿ ಟ್ಯಾಂಕಿನಲ್ಲಿ ಆಳಕ್ಕೆ ಇದ್ದರೆ ಅದೂ ಹಿಂದಕ್ಕೆ ಎಳೆಯುತ್ತದೆ, ಮೇಲ್ಮಟ್ಟದ ಹತ್ತಿರ ಇಡಿ.