ಮಗುವಿನ ಬೆರಳಿನ ಸ್ನಾಯುರಜ್ಜು ತುಂಡಾದಾಗ

ಪ್ರಶ್ನೆ: ನಮ್ಮ 3 ವರ್ಷದ ಮಗಳು ಒಡೆದ ಗಾಜಿನ ಚೂರನ್ನು ಹಿಡಿದು ತೋರುಬೆರಳಿನ ಬುಡದಲ್ಲಿ ಗಾಯ ಮಾಡಿಕೊಂಡಳು. ಗಾಯ ಚಿಕ್ಕದೆಂದು ಎರಡು ಹೊಲಿಗೆ ಹಾಕಿ ಕಳಿಸಿದರು. ಒಂದು ವಾರದ ಬಳಿಕವೂ ಆ ಬೆರಳು ಮಡಚುತ್ತಿಲ್ಲ. ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ, ಅಂದರೆ ಸ್ನಾಯುರಜ್ಜು) ತುಂಡಾಗಿದೆ, ಶಸ್ತ್ರಚಿಕಿತ್ಸೆ ಮಾಡಿ ಮೊಣಕೈ ಮೇಲಿನವರೆಗೆ 4 ವಾರ ಪ್ಲಾಸ್ಟರ್ ಹಾಕಬೇಕು ಎಂದು ಈಗ ಹೇಳುತ್ತಿದ್ದಾರೆ. ತಡವಾಯಿತೇ? ಒಂದು ಬೆರಳಿಗಾಗಿ ಇಡೀ ಕೈ ಕಟ್ಟಿಟ್ಟರೆ ಅದು ಬಿಗಿದುಕೊಳ್ಳುವುದಿಲ್ಲವೇ?

ಉತ್ತರ: ತಡವಾಗಿಲ್ಲ, ಆದರೆ ಇನ್ನು ದಿನ ದೂಡಬೇಡಿ. ತುಂಡಾದ ಸ್ನಾಯುರಜ್ಜುವಿನ ತುದಿಯನ್ನು ಮುಂಗೈಯ ಸ್ನಾಯು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದು ಜಾರಿ ಹೋಗಿಬರುತ್ತಿದ್ದ ಕೊಳವೆಯಂಥ ಪೊರೆ ಕ್ರಮೇಣ ಕುಗ್ಗುತ್ತದೆ. ಮೊದಲ ಎರಡು ವಾರಗಳೊಳಗೆ ಎರಡೂ ತುದಿಗಳನ್ನು ನೇರವಾಗಿ ಜೋಡಿಸುವುದು ಸಾಮಾನ್ಯವಾಗಿ ಸಾಧ್ಯ. ಹಲವು ವಾರ ಕಳೆದರೆ ಬೇರೆಡೆಯ ಸ್ನಾಯುರಜ್ಜುವನ್ನು ತಂದು ಕಸಿ ಮಾಡಬೇಕಾದೀತು, ಅದೂ ಕೆಲವೊಮ್ಮೆ ಎರಡು ಹಂತಗಳಲ್ಲಿ.

ಮೊದಲ ದಿನ ಇದು ಗಮನಕ್ಕೆ ಬಾರದೆ ಹೋದದ್ದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಅಳುವ ಮಗುವಿಗೆ ಬೆರಳು ಮಡಚೆಂದರೆ ಮಡಚುವುದಿಲ್ಲ, ಮತ್ತು ಚರ್ಮದ ಗಾಯದ ಅಳತೆ ಒಳಗಿನ ಹಾನಿಯನ್ನು ತಿಳಿಸುವುದಿಲ್ಲ. ಮಗು ಮಲಗಿರುವಾಗ ನೋಡುವುದು ಹೆಚ್ಚು ಉಪಯುಕ್ತ: ಉಳಿದ ಬೆರಳುಗಳು ತಾವಾಗಿಯೇ ಸ್ವಲ್ಪ ಬಾಗಿರುತ್ತವೆ, ಸ್ನಾಯುರಜ್ಜು ತುಂಡಾದ ಬೆರಳು ಮಾತ್ರ ನೆಟ್ಟಗೆ ಚಾಚಿಕೊಂಡಿರುತ್ತದೆ. ಸ್ನಾಯುರಜ್ಜುವಿನ ಪಕ್ಕದಲ್ಲೇ ಸ್ಪರ್ಶದ ನರ ಹಾದುಹೋಗುವುದರಿಂದ ಅದೂ ತುಂಡಾಗಿದೆಯೇ ಎಂದು ವೈದ್ಯರನ್ನು ಕೇಳಿ. ನರ ತುಂಡಾಗಿದ್ದರೆ, ಬಹಳ ಹೊತ್ತು ನೀರಿನಲ್ಲಿ ನೆನೆದರೂ ಆ ಭಾಗದ ಚರ್ಮ ಸುಕ್ಕುಗಟ್ಟುವುದಿಲ್ಲ.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ, ಭೂತಗನ್ನಡಿಯ ನೆರವಿನಿಂದ ನಡೆಯುತ್ತದೆ. ನರವನ್ನೂ ಅದೇ ವೇಳೆ ಜೋಡಿಸುತ್ತಾರೆ. ಈ ಅಳತೆಯ ಬೆರಳಿನಲ್ಲಿ ಹೊಲಿಗೆ ಬಹು ನಾಜೂಕಿನದಾದ್ದರಿಂದ, ಕೈ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿಯುಳ್ಳವರೇ ಮಾಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಪ್ಲಾಸ್ಟರ್ ವಿಚಾರ. ವಯಸ್ಕರಲ್ಲಿ ಜೋಡಿಸಿದ ಸ್ನಾಯುರಜ್ಜು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು ಬೆರಳು ಬಿಗಿಯುವ ಭಯವಿರುವುದರಿಂದ ಕೆಲವೇ ದಿನಗಳಲ್ಲಿ ನಿಯಂತ್ರಿತ ವ್ಯಾಯಾಮ ಆರಂಭಿಸುತ್ತಾರೆ. ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೆ ಆ ನಿಯಂತ್ರಣ ಸಾಧ್ಯವಿಲ್ಲ. ಆಟಿಕೆಯನ್ನು ಒಮ್ಮೆ ಬಲವಾಗಿ ಹಿಡಿದರೂ ಹೊಲಿಗೆ ಕಿತ್ತುಹೋಗಬಹುದು. ಅದೃಷ್ಟಕ್ಕೆ ಮಕ್ಕಳ ಕೀಲುಗಳು ವಯಸ್ಕರಷ್ಟು ಬೇಗ ಬಿಗಿಯುವುದಿಲ್ಲ, ಆದ್ದರಿಂದ 3ರಿಂದ 4 ವಾರ ಅಲುಗಾಡದಂತೆ ಇಟ್ಟರೂ ಚಲನೆ ಸಾಮಾನ್ಯವಾಗಿ ಚೆನ್ನಾಗಿ ಮರಳುತ್ತದೆ. ಅದಕ್ಕಿಂತ ಹೆಚ್ಚು ಕಾಲ ಕಟ್ಟಿಡುವುದು ಒಳ್ಳೆಯದಲ್ಲ. ಮೊಣಕೈಯನ್ನು ಬಾಗಿಸಿ ಮೇಲಿನವರೆಗೆ ಪ್ಲಾಸ್ಟರ್ ಹಾಕುವುದೇಕೆಂದರೆ, ದುಂಡನೆಯ ಪುಟ್ಟ ಕೈ ಗಿಡ್ಡ ಪ್ಲಾಸ್ಟರ್‌ನಿಂದ ಸಲೀಸಾಗಿ ನುಣುಚಿಕೊಳ್ಳುತ್ತದೆ. ಬೆರಳುಗಳು ಊದಿಕೊಂಡು ನೀಲಿಗಟ್ಟಿದರೆ, ಜ್ವರ ಬಂದರೆ ಅಥವಾ ಪ್ಲಾಸ್ಟರ್ ಜಾರಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ತೆಗೆದ ಮೇಲೆ ಆಟವೇ ವ್ಯಾಯಾಮ. ನೀರಿನಲ್ಲಿ ಮೃದುವಾದ ಸ್ಪಂಜನ್ನು ಹಿಂಡುವುದು, ಹಗುರ ವಸ್ತುಗಳನ್ನು ಹೆಕ್ಕಿ ಡಬ್ಬಿಗೆ ಹಾಕುವುದು ಮುಂತಾದವನ್ನು ಚಿಕಿತ್ಸಕರು ಹೇಳಿದ ಕ್ರಮದಲ್ಲಿ ಮಾಡಿಸಿ. ಬಾಗಿದ ಬೆರಳನ್ನು ಮಾತ್ರ ಯಾರೂ ಬಲವಂತವಾಗಿ ನೆಟ್ಟಗೆ ಎಳೆಯಬಾರದು. ಹಿರಿಯರು ಪ್ರೀತಿಯಿಂದಲೇ ಹಾಗೆ ಮಾಡುವುದುಂಟು. ಜೋತಾಡುವುದು, ಭಾರ ಎತ್ತುವುದು ಸುಮಾರು 12 ವಾರಗಳವರೆಗೆ ಬೇಡ. ನರವನ್ನೂ ಜೋಡಿಸಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುವುದರಿಂದ ಸ್ಪರ್ಶ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬಿಸಿ ತಾಗಿದರೂ ತಿಳಿಯದು, ಜೋಮು ಹಿಡಿದ ಬೆರಳನ್ನು ಮಗು ಕಚ್ಚಿಕೊಳ್ಳಲೂಬಹುದು.

ಕೆಲವು ಮಕ್ಕಳಲ್ಲಿ ಇಷ್ಟೆಲ್ಲ ಮಾಡಿದರೂ ಸ್ನಾಯುರಜ್ಜು ಅಂಟಿಕೊಂಡು ಬೆರಳು ಪೂರ್ತಿ ಮಡಚುವುದಿಲ್ಲ. ಅದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಇದೆಯಾದರೂ ಅವಸರಪಡಬೇಕಾಗಿಲ್ಲ. ಕನಿಷ್ಠ 6 ತಿಂಗಳು ಕಾದು, ಮಗು ಹೇಳಿದಂತೆ ವ್ಯಾಯಾಮ ಮಾಡುವ ವಯಸ್ಸಿಗೆ ಬಂದ ಮೇಲೆ ಆ ಬಗ್ಗೆ ನಿರ್ಧರಿಸಬಹುದು.