ಕೊನೆಗೌಡರ ಕೂಲಿ ಯಾರದ್ದೋ ಖಾತೆಗೆ ಹೋಯ್ತು

ಪ್ರಶ್ನೆ: ನಮ್ಮದು ಸಣ್ಣ ಅಡಿಕೆ ತೋಟ. ಕೊನೆ ಕೊಯ್ಲು ಮುಗಿದ ಸಂಜೆ ಕೊನೆಗೌಡರ (ಮರ ಹತ್ತಿ ಅಡಿಕೆ ಗೊನೆ ಇಳಿಸುವವರ) ಕೂಲಿ 9,600 ರೂಪಾಯಿಯನ್ನು ಯುಪಿಐನಲ್ಲಿ ಕಳಿಸಿದೆ. ಫೋನ್‌ನಲ್ಲಿದ್ದದ್ದು ಅವರ ಹಳೇ ನಂಬರ್. ಈಗ ಅದು ಬೇರೆ ಯಾರದ್ದೋ ಕೈಲಿದೆ. ಆ ವ್ಯಕ್ತಿ ಒಮ್ಮೆ ಎತ್ತಿ "ನೋಡ್ತೇನೆ" ಅಂದರು, ಆಮೇಲೆ ಎತ್ತುತ್ತಿಲ್ಲ. ಬ್ಯಾಂಕಿನಲ್ಲಿ "ನೀವೇ ಕಳಿಸಿದ್ದಲ್ವಾ, ನಾವೇನು ಮಾಡೋದು" ಅಂದರು. ಹಣ ವಾಪಸ್ ಬರುತ್ತಾ?
– ಕೃಷಿಕ ಮಹಿಳೆ, ಶಿರಸಿ ತಾಲ್ಲೂಕು

ಉತ್ತರ: ತಂಗೀ, ಮೊದಲು ಕೊನೆಗೌಡರ ಕೂಲಿ ಕೊಟ್ಟುಬಿಡಿ. ಮರ ಹತ್ತಿ ದುಡಿದವರು ಬ್ಯಾಂಕಿನ ಉತ್ತರಕ್ಕೆ ಕಾಯಬಾರದು.

ಇನ್ನು ನಿಮ್ಮ ಹಣದ ವಿಷಯ. ಬಳಸದೆ ಬಿಟ್ಟ ನಂಬರನ್ನು ಫೋನ್ ಕಂಪನಿಗಳು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತವೆ. ಅವರು ಅದಕ್ಕೆ ಯುಪಿಐ ಮಾಡಿಸಿಕೊಂಡರೆ ಹಣ ಅವರ ಖಾತೆಗೇ ಹೋಗುತ್ತದೆ. ಒಮ್ಮೆ ಜಮಾ ಆದ ಹಣವನ್ನು ಅವರ ಒಪ್ಪಿಗೆ ಇಲ್ಲದೆ ನಿಮ್ಮ ಬ್ಯಾಂಕ್ ಕಿತ್ತು ತರುವಂತಿಲ್ಲ. ಅಷ್ಟರ ಮಟ್ಟಿಗೆ ಬ್ಯಾಂಕಿನವರ ಮಾತು ಸರಿ. ಆದರೆ ದೂರು ತಗೊಂಡು ಆ ಕಡೆಯ ಬ್ಯಾಂಕಿಗೆ ತಿಳಿಸುವುದು, ಅವರ ಮೂಲಕ ಆ ಗ್ರಾಹಕರ ಒಪ್ಪಿಗೆ ಕೇಳಿಸುವುದು ನಿಮ್ಮ ಬ್ಯಾಂಕಿನದ್ದೇ ಕೆಲಸ. ಸುಮ್ನೆ ಕೈಚೆಲ್ಲುವಂತಿಲ್ಲ.

ಶಿರಸಿ, ಕುಮಟಾ, ಕಾರವಾರದ ಶಾಖೆಗಳಲ್ಲಿ ಕೌಂಟರಿನ ಒಳಗೆ ಕೂತವನಾಗಿ ಹೇಳ್ತೇನೆ: ಬಾಯಲ್ಲಿ ಹೇಳಿದ ದೂರು ಸಂಜೆಯೊಳಗೆ ಮರೆತುಹೋಗುತ್ತದೆ. ಬರೆದು ಕೊಡಿ. ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕಾಣುತ್ತದೆ. ಆ ನಂಬರ್, ದಿನಾಂಕ, ಹೊತ್ತು, ಮೊತ್ತ, ಹಣ ಹೋದ ಯುಪಿಐ ಐಡಿ ಇಷ್ಟನ್ನೂ ಬರೆದು ಸ್ಕ್ರೀನ್‌ಶಾಟ್ ಪ್ರಿಂಟ್ ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಅದೇ ದಿನ ಆ್ಯಪ್‌ನಲ್ಲೂ ದೂರು ಹಾಕಿ. ಯುಪಿಐ ನಡೆಸುವ ಎನ್‌ಪಿಸಿಐನ ಉಚಿತ ಸಹಾಯವಾಣಿ 1800-120-1740. ಗೂಗಲ್‌ನಲ್ಲಿ ಹುಡುಕಿ ಸಿಕ್ಕ "ಕಸ್ಟಮರ್ ಕೇರ್" ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಅಲ್ಲಿ ಕಳ್ಳರೇ ಜಾಸ್ತಿ.

1930ಕ್ಕೆ ಫೋನ್ ಮಾಡಿ ಎಂದು ಯಾರಾದರೂ ಹೇಳಿರಬಹುದು. ಅದು ಆನ್‌ಲೈನ್‌ನಲ್ಲಿ ಮೋಸ ಹೋದವರಿಗಿರುವ ಸಹಾಯವಾಣಿ. ನಿಮಗೆ ಯಾರೂ ಮೋಸ ಮಾಡಿ ಹಣ ಕಳಿಸಿಕೊಂಡಿಲ್ಲ, ನಂಬರ್ ತಪ್ಪಿದೆ ಅಷ್ಟೆ. ಸುಳ್ಳು ಕಾರಣ ಬರೆದರೆ ನಿಮ್ಮ ದೂರೇ ಸಡಿಲವಾಗುತ್ತದೆ.

30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ದೂರು ಕೊಡಬಹುದು. ದುಡ್ಡು ಕಟ್ಟಬೇಕಾಗಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಅವರು ನೋಡುವುದು ಬ್ಯಾಂಕ್ ತನ್ನ ಕೆಲಸ ಮಾಡಿತಾ ಎಂಬುದನ್ನು. ಆ ಅಪರಿಚಿತರಿಂದ ವಸೂಲಿ ಮಾಡಿಕೊಡುವುದು ಅವರ ಕೆಲಸವಲ್ಲ.

ಅದಕ್ಕೆ ಕಾನೂನಿದೆ. 1872ರ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿ ಬಂದ ಹಣವನ್ನು ಪಡೆದವರು ವಾಪಸ್ ಕೊಡಲೇಬೇಕು. ಆ ವ್ಯಕ್ತಿಗೆ ಇದನ್ನು ಮರ್ಯಾದೆಯಿಂದಲೇ ಮೆಸೇಜ್ ಮಾಡಿ, ಯುಟಿಆರ್ ನಂಬರನ್ನೂ ಹಾಕಿ. ಬೆದರಿಸಬೇಡಿ. ಎಷ್ಟೋ ಜನ ಮೊದಲು ನಿಮ್ಮನ್ನೇ ಮೋಸಗಾರರು ಎಂದುಕೊಂಡು ಸುಮ್ಮನಾಗುತ್ತಾರೆ. "ತಪ್ಪಿ ಹಣ ಬಂದಿದೆ, ವಾಪಸ್ ಹಾಕಿ" ಎಂದು ಹೇಳಿಯೇ ಈಗ ದೋಚುವವರಿದ್ದಾರೆ. ಹಾಗಾಗಿ "ನಿಮ್ಮ ಬ್ಯಾಂಕಿಗೇ ಹೋಗಿ ವಿಚಾರಿಸಿ, ಅವರ ಮೂಲಕವೇ ಕಳಿಸಿ" ಎಂದು ನೀವೇ ಹೇಳಿ. ಆಗ ನಂಬಿಕೆ ಬರುತ್ತದೆ.

ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸ್. ಖರ್ಚಿಗೆ ಹೆದರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಶಿರಸಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ.

ಆ ವ್ಯಕ್ತಿ ಕೊಡಲು ಒಪ್ಪಿದರೂ ಒಂದು ಎಚ್ಚರ ಇರಲಿ. ಹಣ ಬರಲು ನೀವು ಪಿನ್ ಒತ್ತಬೇಕಾಗಿಲ್ಲ. ಲಿಂಕ್ ಕಳಿಸಿ ಒತ್ತಿ ಎಂದರೆ ಒತ್ತಬೇಡಿ. ಬ್ಯಾಂಕಿನ ಲಿಖಿತ ಉತ್ತರ ಬಂದ ಮೇಲೆ ಅದರ ಪ್ರತಿ ಇಟ್ಟು ನನಗೆ ಬರೆಯಿರಿ. ಮುಂದಿನ ಅರ್ಜಿಯನ್ನು ಒಟ್ಟಿಗೇ ತಯಾರಿಸೋಣ.